ನಾಲ್ಕು ಮೈಕ್, ಒಂದೇ ಇನ್‌ಪುಟ್: ತಾಳಮದ್ದಳೆಗೆ ಮೈಕ್ ಜೋಡಿಸುವ ಬಗೆ

ಮಲೆನಾಡಲ್ಲಿ ಮಳೆ ಹಿಡಿಯಿತೆಂದರೆ ಯಕ್ಷಗಾನ ಮೇಳದ ಆಟ ನಿಲ್ಲುತ್ತದೆ, ತಾಳಮದ್ದಳೆ ಶುರುವಾಗುತ್ತದೆ. ವೇಷ, ಕುಣಿತ ಇಲ್ಲದೆ ಕೂತಲ್ಲೇ ಹಾಡು, ಮಾತಿನಲ್ಲಿ ಪ್ರಸಂಗ ನಡೆಸುವ ಕೂಟ ಅದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ದೇವಸ್ಥಾನದ ಪೌಳಿಯಲ್ಲೋ, ಯಾರದಾದರೂ ಮನೆ ಜಗಲಿಯಲ್ಲೋ, ಊರಿನ ಸಭಾಭವನದಲ್ಲೋ ಕೂಟ ಸೇರುತ್ತದೆ. ಹಿಂದೆ ಪದ್ಯ ಹಾಡುವ ಭಾಗವತರು, ಮದ್ದಳೆ, ಚಂಡೆ. ಮುಂದೆ ಎದುರುಬದುರಾಗಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುವ ಅರ್ಥಧಾರಿಗಳು. ಭಾಗವತರಿಗೆ ಒಂದು ಮೈಕ್ ಬೇಕು, ಮದ್ದಳೆಗೆ ಒಂದು, ಅರ್ಥ ಹೇಳುವವರಿಗೆ ನಾಲ್ಕು. ಆರು ಮೈಕ್ ಆಯಿತು. ಆಂಪ್ಲಿಫೈಯರ್ ನೋಡಿದರೆ ಮೈಕ್ ಚುಚ್ಚಲು ಮೂರೇ ಜಾಗ.

ಆಗ ಯಾರಾದರೂ ಒಬ್ಬರು ಹೇಳುತ್ತಾರೆ: "ಎರಡು ವಯರ್ ಸೇರಿಸಿ ಒಂದೇ ಪಿನ್ನಿಗೆ ಕಟ್ಟಿದರಾಯ್ತಲ್ಲ ಮಾರಾಯ್ರೆ."

ನಾನೂ ಹಾಗೆ ಕಟ್ಟಿದ್ದೆ. ಹೊಸನಗರದ ಕಡೆ ಒಂದು ಮನೆ ಜಗಲಿ. ಕೃಷ್ಣನ ಅರ್ಥ ಹೇಳುವವರ ಮೈಕ್ ಮತ್ತು ಕರ್ಣನ ಅರ್ಥ ಹೇಳುವವರ ಮೈಕ್, ಎರಡರ ವಯರನ್ನೂ ಒಂದೇ ಪಿನ್ನಿಗೆ ಬೆಸುಗೆ ಹಾಕಿ ತಂದಿದ್ದೆ. ದನಿ ಸ್ವಲ್ಪ ಸಣ್ಣದಾಯಿತು. ವಾಲ್ಯೂಮ್ ಏರಿಸಿದೆ, ಸರಿಹೋಯಿತು ಅಂದುಕೊಂಡೆ. ಅರ್ಧ ಗಂಟೆ ಕಳೆದಿರಬೇಕು. ಕರ್ಣ ಮಾತಾಡುತ್ತಿದ್ದ, ಕೃಷ್ಣ ಕೇಳುತ್ತಿದ್ದ. ಕೃಷ್ಣನ ಪಾತ್ರದವರು ಕವಳ ಹಾಕಬೇಕು ಅಂತ, ಅಗಿಯುವ ಸದ್ದು ಮೈಕಿನಲ್ಲಿ ಬರಬಾರದು ಅಂತ, ತಮ್ಮ ಮೈಕಿನ ಸ್ವಿಚ್ ಮೆಲ್ಲಗೆ ಕೆಳಗೆ ಎಳೆದರು. ಕರ್ಣನ ದನಿ ಅರ್ಧ ಮಾತಿನಲ್ಲಿ ನಿಂತುಹೋಯಿತು. ಅವರ ತುಟಿ ಆಡುತ್ತಿದೆ, ಕೈ ಆಡುತ್ತಿದೆ, ಹಿಂದಿನ ಸಾಲಿಗೆ ಕೇಳುವುದು ಹೆಂಚಿನ ಮೇಲಿನ ಮಳೆ ಮಾತ್ರ. ನಾನು ಕರ್ಣನ ಮೈಕ್ ಬದಲಿಸಿದೆ, ಪಿನ್ ಅಲ್ಲಾಡಿಸಿದೆ, ಆಂಪ್ಲಿಫೈಯರ್ ತಟ್ಟಿದೆ. ಕವಳ ಮುಗಿದು ಕೃಷ್ಣ ಸ್ವಿಚ್ ಮೇಲೆ ಮಾಡಿದಾಗ ಕರ್ಣನ ದನಿ ತಾನಾಗಿ ವಾಪಸ್ ಬಂತು.

ಯಾಕೆ ಹಾಗಾಯಿತು ಅಂತ ತಿಳಿಯಲು ನನಗೆ ತುಂಬಾ ದಿನ ಹಿಡಿಯಿತು. ತಿಳಿದ ಮೇಲೆ ಮೈಕ್ ಜೋಡಿಸುವ ರೀತಿಯೇ ಬದಲಾಯಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ತಾಳಮದ್ದಳೆ ಅಂತ ಹೇಳಿದರೂ ಭಜನೆ, ಗಣಪತಿ ಪೆಂಡಾಲು, ಶಾಲೆ ವಾರ್ಷಿಕೋತ್ಸವ ಎಲ್ಲಕ್ಕೂ ಇದೇ ಲೆಕ್ಕ.

ವಯರ್ ಸೇರಿಸಿ ಕಟ್ಟಿದರೆ ಏನಾಗುತ್ತದೆ

ನಮ್ಮ ಕಡೆ ಎಷ್ಟೋ ಮನೆಗೆ ಗುಡ್ಡದ ಮೇಲಿನಿಂದ ಪೈಪಿನಲ್ಲಿ ಅಬ್ಬಿ ನೀರು ಬರುತ್ತದೆ. ಎರಡು ಕಡೆಯ ಅಬ್ಬಿಯಿಂದ ಎರಡು ಪೈಪ್ ತಂದು, ಮನೆ ಹತ್ತಿರ ಟೀ ಹಾಕಿ ಒಂದೇ ನಲ್ಲಿಗೆ ಸೇರಿಸಿ ನೋಡಿ. ಎತ್ತರದಿಂದ ಬರುವ ನೀರು ನಲ್ಲಿಗೆ ಬರುವುದರ ಜೊತೆಗೆ ತಗ್ಗಿನ ಪೈಪಿನಲ್ಲಿ ಹಿಂದಕ್ಕೂ ಹೋಗುತ್ತದೆ. ಎರಡು ಪೈಪನ್ನೂ ಒಂದು ತೊಟ್ಟಿಗೆ ಮೇಲಿನಿಂದ ಬಿಟ್ಟು, ತೊಟ್ಟಿಯಿಂದ ಒಂದು ಪೈಪ್ ತೆಗೆದರೆ ಆ ತೊಂದರೆ ಇಲ್ಲ. ವಯರ್ ಸೇರಿಸಿ ಕಟ್ಟುವುದು ಟೀ ಹಾಕಿದ ಹಾಗೆ. ಹಲವು ಮೈಕಿನ ದನಿಯನ್ನು ಸೇರಿಸಿ ಒಂದಾಗಿ ಕೊಡುವ ಮಿಕ್ಸರ್ ಎಂದರೆ ತೊಟ್ಟಿ.

ಮೈಕಿನ ಲೆಕ್ಕದಲ್ಲಿ ಹೇಳುವುದಾದರೆ, ಸಾಮಾನ್ಯ ಡೈನಾಮಿಕ್ ಮೈಕಿನ (ಹೊರಗಿನ ಕರೆಂಟ್ ಬೇಡದ ಮೈಕ್) ಇಂಪಿಡೆನ್ಸ್, ಅಂದರೆ ಸಿಗ್ನಲ್ಲಿಗೆ ಒಡ್ಡುವ ತಡೆ, 150ರಿಂದ 300 ಓಮ್ ಆಸುಪಾಸು ಇರುತ್ತದೆ. ಮಿಕ್ಸರಿನ ಮೈಕ್ ಇನ್‌ಪುಟ್‌ನದ್ದು ಒಂದೂವರೆಯಿಂದ ಮೂರು ಕಿಲೋ ಓಮ್, ಅಂದರೆ ಮೈಕಿಗಿಂತ ಸುಮಾರು ಹತ್ತು ಪಟ್ಟು. ಹಾಗಿದ್ದಾಗ ಮೈಕಿನ ದನಿ ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗುತ್ತದೆ. ಎರಡು ಮೈಕ್ ಸೇರಿಸಿ ಕಟ್ಟಿದರೆ ಮೊದಲ ಮೈಕಿಗೆ ಎದುರು ಸಿಗುವುದು ಎರಡನೇ ಮೈಕಿನ ಇನ್ನೂರು ಮುನ್ನೂರು ಓಮ್. ದನಿಯ ದೊಡ್ಡ ಪಾಲು ಮಿಕ್ಸರಿಗೆ ಹೋಗುವ ಬದಲು ಪಕ್ಕದ ಮೈಕಿನೊಳಗೆ ಹೋಗುತ್ತದೆ. ಒಂದೇ ಥರದ ಎರಡು ಮೈಕ್ ಆದರೆ ಸಿಗ್ನಲ್ ಅರ್ಧಕ್ಕೆ, ಅಂದರೆ 6 ಡಿಬಿ (ಡೆಸಿಬೆಲ್, ದನಿಯ ಏರಿಳಿತ ಅಳೆಯುವ ಮಾನ) ಇಳಿಯುತ್ತದೆ. ಮೂರು ಕಟ್ಟಿದರೆ ಮೂರನೇ ಒಂದು ಪಾಲಿಗೆ, ಸುಮಾರು ಒಂಬತ್ತೂವರೆ ಡಿಬಿ. ಅದನ್ನು ಸರಿದೂಗಿಸಲು ವಾಲ್ಯೂಮ್ ಏರಿಸಿದರೆ ಆಂಪ್ಲಿಫೈಯರಿನ ಹಿಸ್ಸ್ ಸದ್ದೂ ಜೊತೆಗೆ ಏರುತ್ತದೆ.

ಇನ್ನು ಸ್ವಿಚ್ಚಿನ ಕಥೆ. ಸ್ವಿಚ್ ಇರುವ ಹಲವು ಮೈಕ್‌ಗಳಲ್ಲಿ ಆಫ್ ಮಾಡುವುದು ಎಂದರೆ ವಯರನ್ನು ಬಿಡಿಸುವುದಲ್ಲ, ದನಿ ಹೊರುವ ಎರಡು ತಂತಿಗಳನ್ನು ಒಂದಕ್ಕೊಂದು ಶಾರ್ಟ್ ಮಾಡುವುದು. ಟಪ್ ಎನ್ನುವ ಸದ್ದು ಬರದಿರಲಿ ಅಂತ ಹಾಗೆ ಮಾಡಿರುತ್ತಾರೆ. ಒಂದೇ ಮೈಕ್ ಇದ್ದಾಗ ಅದು ಒಳ್ಳೆಯದೇ. ಆದರೆ ಎರಡು ಮೈಕ್ ಒಂದೇ ಪಿನ್ನಿಗೆ ಕಟ್ಟಿದ್ದರೆ, ಒಂದರ ಶಾರ್ಟ್ ಇನ್ನೊಂದಕ್ಕೂ ಶಾರ್ಟ್. ಕರ್ಣನ ದನಿ ಹೋದದ್ದು ಹೀಗೆ.

ಕಂಡೆನ್ಸರ್ ಮೈಕ್ ಆದರೆ ಸೇರಿಸಿ ಕಟ್ಟುವ ಯೋಚನೆಯನ್ನೇ ಬಿಡಿ. ಅದು ಕೆಲಸ ಮಾಡಲು ಬೇಕಾದ ಕರೆಂಟ್, ಅಂದರೆ 48 ವೋಲ್ಟ್ ಫ್ಯಾಂಟಮ್ ಪವರ್, ಮಿಕ್ಸರಿನಿಂದ ಮೈಕಿನ ವಯರಿನಲ್ಲೇ ಬರುತ್ತದೆ. ಅದು 6.8 ಕಿಲೋ ಓಮಿನ ಎರಡು ರೆಸಿಸ್ಟರ್ ದಾಟಿ ಬರುವಂಥದ್ದು, ಒಂದು ಮೈಕಿಗೆ ಅಂತ ಲೆಕ್ಕ ಹಾಕಿದ್ದು. ಎರಡು ಮೈಕ್ ಅದನ್ನು ಹಂಚಿಕೊಂಡರೆ ವೋಲ್ಟೇಜ್ ಬೀಳುತ್ತದೆ, ದನಿ ಒಡೆಯುತ್ತದೆ.

ನೆನಪಿಡಬೇಕಾದ್ದು ಇಷ್ಟು: ಒಂದು ಔಟ್‌ಪುಟ್ಟನ್ನು ಎರಡು ಇನ್‌ಪುಟ್ಟಿಗೆ ಕೊಡಬಹುದು. ಎರಡು ಔಟ್‌ಪುಟ್ಟನ್ನು ತಂದು ಒಂದು ಇನ್‌ಪುಟ್ಟಿಗೆ ಕಟ್ಟಬಾರದು. ಮೈಕ್ ಕೂಡ ಒಂದು ಔಟ್‌ಪುಟ್ಟೇ. ಅಂಗಡಿಯಲ್ಲಿ ಸಿಗುವ ವೈ ಆಕಾರದ ಕೇಬಲ್ ಎರಡೂ ಕೆಲಸಕ್ಕೆ ಚುಚ್ಚಲು ಬರುತ್ತದೆ, ಅದಕ್ಕೇ ಗೊಂದಲ.

ಮೊದಲು ಯಾರಿಗೆ ಮೈಕ್ ಬೇಕು ಅಂತ ಎಣಿಸಿ

ಸಲಕರಣೆ ಹುಡುಕುವ ಮೊದಲು ಜಾಗಕ್ಕೆ ಹೋಗಿ ನಿಂತು ಎಣಿಸಿ. ಜಗಲಿಯಲ್ಲಿ ಐವತ್ತು ಅರವತ್ತು ಜನ ಕೂರುವ ಕೂಟಕ್ಕೆ ಚಂಡೆಗೆ ಮೈಕ್ ಬೇಡವೇ ಬೇಡ. ಅದರ ಪೆಟ್ಟು ಬೇರೆ ಎಲ್ಲ ಮೈಕಿನೊಳಗೂ ಹೇಗೂ ನುಗ್ಗುತ್ತದೆ. ಮದ್ದಳೆಗೂ ಸಣ್ಣ ಜಾಗದಲ್ಲಿ ಎಷ್ಟೋ ಸಲ ಬೇಕಾಗುವುದಿಲ್ಲ. ಶ್ರುತಿ ಪೆಟ್ಟಿಗೆ ಭಾಗವತರ ಪಕ್ಕದಲ್ಲೇ ಇದ್ದರೆ ಅವರ ಮೈಕಿನಲ್ಲೇ ಸಾಕಷ್ಟು ಬರುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ತೆರೆದ ಮೈಕ್ ಒಂದಿದ್ದದ್ದು ಎರಡಾದರೆ, ಕುಯ್ಯ್ ಅಂತ ಕೂಗುವ ಮೊದಲು ನಿಮಗಿದ್ದ ವಾಲ್ಯೂಮಿನಲ್ಲಿ 3 ಡಿಬಿ ಕಡಿಮೆಯಾಗುತ್ತದೆ. ನಾಲ್ಕಾದರೆ 6 ಡಿಬಿ. ಎಂಟಾದರೆ 9. ಹಾಗೆಯೇ ಮಳೆ ಸದ್ದು, ಅಡುಗೆಮನೆ ಪಾತ್ರೆ ಸದ್ದು, ಹಿಂದಿನ ಸಾಲಿನ ಮಕ್ಕಳ ಗಲಾಟೆ ಎಲ್ಲವನ್ನೂ ಪ್ರತಿ ತೆರೆದ ಮೈಕ್ ಎತ್ತಿಕೊಳ್ಳುತ್ತದೆ. ಆಷಾಢದಲ್ಲಿ ತಗಡಿನ ಶೀಟ್ ಕೆಳಗೆ ಕಾರ್ಯಕ್ರಮ ಮಾಡಿದವರಿಗೆ ಇದು ಗೊತ್ತು: ಜೋರು ಮಳೆ ಬಂದಾಗ ನಾಲ್ಕು ಮೈಕ್ ತೆರೆದಿದ್ದರೆ ಸ್ಪೀಕರಿನಲ್ಲಿ ಮಾತಿಗಿಂತ ಮಳೆಯೇ ಜಾಸ್ತಿ ಕೇಳುತ್ತದೆ.

ಶಾಲೆಯ ಸಮೂಹಗಾನಕ್ಕೆ ಆರು ಮಕ್ಕಳಿಗೆ ಆರು ಮೈಕ್ ಕೊಡುವ ರೂಢಿ ಇದೆ. ಎರಡು ಮೈಕ್ ಸಾಕು. ಮಕ್ಕಳನ್ನು ಎರಡು ಗುಂಪಾಗಿ ನಿಲ್ಲಿಸಿ.

ಯಾವುದನ್ನು ಯಾವುದರ ಜೊತೆ ಸೇರಿಸಬೇಕು

ಒಂದೇ ಇನ್‌ಪುಟ್ಟಿಗೆ ಹೋದ ಮೇಲೆ ಆ ಮೈಕ್‌ಗಳಿಗೆ ಆಂಪ್ಲಿಫೈಯರಿನಲ್ಲಿ (ದೊಡ್ಡ ಮಿಕ್ಸರ್ ಇದ್ದರೆ ಅದರಲ್ಲಿ) ಒಂದೇ ವಾಲ್ಯೂಮ್, ಒಂದೇ ಬಾಸ್-ಟ್ರೆಬಲ್, ಒಂದೇ ಎಕೋ. ಆದ್ದರಿಂದ ಒಂದೇ ಥರದ ಕೆಲಸ ಮಾಡುವ ಮೈಕ್‌ಗಳನ್ನು ಮಾತ್ರ ಒಂದು ಗುಂಪು ಮಾಡಿ. ತಾಳಮದ್ದಳೆಯಲ್ಲಿ ಅದು ಅರ್ಥಧಾರಿಗಳ ಗುಂಪು. ಎಲ್ಲರದೂ ಮಾತು, ಎಲ್ಲರೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಕೂತಿರುತ್ತಾರೆ.

ಭಾಗವತರ ಮೈಕನ್ನು ಯಾವತ್ತೂ ಯಾರ ಜೊತೆಗೂ ಸೇರಿಸಬೇಡಿ. ಹಾಡಿಗೆ ಸ್ವಲ್ಪ ಎಕೋ ಬೇಕೆನಿಸಬಹುದು, ಅದೇ ಎಕೋ ಮಾತಿಗೆ ಬಿದ್ದರೆ ಒಂದು ಶಬ್ದದ ಮೇಲೆ ಇನ್ನೊಂದು ಹತ್ತಿ ಅರ್ಥವೇ ಕೆಡುತ್ತದೆ. ತಾಳಮದ್ದಳೆಗೆ ಜನ ಬರುವುದೇ ಮಾತು ಕೇಳಲಿಕ್ಕೆ. ಮಾತಿನ ಕೊನೆಯ ಅಕ್ಷರವೂ ಹಿಂದಿನ ಕಂಬದ ಹತ್ತಿರ ಕೂತವರಿಗೆ ಬಿಡಿಬಿಡಿಯಾಗಿ ಮುಟ್ಟಬೇಕು. ನನ್ನ ಮಟ್ಟಿಗೆ ಮೈಕ್‌ಸೆಟ್ ಇರುವುದೇ ಅದಕ್ಕಾಗಿ.

ಹಾಗಾದರೆ ಮೂರು ಇನ್‌ಪುಟ್ಟಿನ ಆಂಪ್ಲಿಫೈಯರಿನಲ್ಲಿ ಒಂದು ಭಾಗವತರಿಗೆ, ಒಂದು ಮದ್ದಳೆಗೆ, ಉಳಿದ ಒಂದು ನಾಲ್ಕು ಅರ್ಥಧಾರಿಗಳಿಗೆ. ಆ ನಾಲ್ಕನ್ನು ಒಂದು ಮಾಡುವುದು ಹೇಗೆ ಎಂಬುದೇ ಮುಂದಿನ ಕೆಲಸ.

ಸಣ್ಣ ಮಿಕ್ಸರ್ ಇಟ್ಟು ಸೇರಿಸುವುದು

ಇದೇ ಸರಿಯಾದ ದಾರಿ. ನಾಲ್ಕು ಮೈಕ್ ಇನ್‌ಪುಟ್ ಇರುವ ಸಣ್ಣ ಮಿಕ್ಸರ್ ಒಂದನ್ನು ಅರ್ಥಧಾರಿಗಳ ಮೈಕ್‌ಗಳಿಗೆ ಮೀಸಲಿಡಿ. ಒಂದೊಂದು ಮೈಕಿಗೂ ಅದರದ್ದೇ ಗೇನ್ (ಮೈಕಿನ ಸಿಗ್ನಲ್ ಒಳಗೆ ಬರುವಾಗಲೇ ಎಷ್ಟು ದೊಡ್ಡದು ಮಾಡಬೇಕೆಂಬ ಹೊಂದಾಣಿಕೆ), ಅದರದ್ದೇ ವಾಲ್ಯೂಮ್ ಸಿಗುತ್ತದೆ. ಒಂದರ ಸ್ವಿಚ್ ಆಫ್ ಮಾಡಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಶಿವಮೊಗ್ಗದಲ್ಲಿ ಬಾಡಿಗೆಗೂ ಸಿಗುತ್ತದೆ. ವರ್ಷಕ್ಕೆ ಐದಾರು ಕಾರ್ಯಕ್ರಮ ಮಾಡುವ ದೇವಸ್ಥಾನ ಆದರೆ ಸ್ವಂತದ್ದೇ ಒಂದು ಇಟ್ಟುಕೊಳ್ಳುವುದು ಒಳ್ಳೆಯದು.

ಈ ಸಣ್ಣ ಮಿಕ್ಸರಿನಿಂದ ಹೊರಡುವುದು ಲೈನ್ ಲೆವೆಲ್. ಮೈಕ್ ಲೆವೆಲ್ಲಿಗಿಂತ ಸುಮಾರು 50 ಡಿಬಿ ಜಾಸ್ತಿ, ಅಂದರೆ ವೋಲ್ಟೇಜಿನಲ್ಲಿ ಮುನ್ನೂರು ಪಟ್ಟು. ಆದ್ದರಿಂದ ಅದನ್ನು ಮುಂದಿನ ಮಿಕ್ಸರಿನ ಮೈಕ್ ಇನ್‌ಪುಟ್ಟಿಗೆ ಚುಚ್ಚಬೇಡಿ, ಲೈನ್ ಇನ್‌ಪುಟ್ಟಿಗೆ ಚುಚ್ಚಿ. ನಮ್ಮ ಕಡೆ ದೇವಸ್ಥಾನಗಳಲ್ಲಿ ತುಂಬಾ ಕಾಣುವ ಅಹುಜಾದಂಥ ಆಂಪ್ಲಿಫೈಯರಿನಲ್ಲಿ ಮೈಕ್ ಇನ್‌ಪುಟ್‌ಗಳ ಜೊತೆಗೆ ಆಕ್ಸ್ ಎಂದು ಬರೆದ ಜಾಗ ಇರುತ್ತದೆ. ಮೊಬೈಲಿನಿಂದ ಭಕ್ತಿಗೀತೆ ಹಾಕಲು ಬಳಸುವ ಜಾಗ ಅದು. ಕಾರ್ಯಕ್ರಮದ ಹೊತ್ತಿಗೆ ಅದು ಖಾಲಿ ಇರುತ್ತದೆ ಅಲ್ವಾ? ಸಣ್ಣ ಮಿಕ್ಸರಿನ ಔಟ್‌ಪುಟ್ ಅಲ್ಲಿಗೇ ಹೋಗಲಿ. ಮೂರು ಮೈಕ್ ಇನ್‌ಪುಟ್ಟೂ ಉಳಿಯುತ್ತವೆ.

ಜೋಡಿಸುವ ಕ್ರಮ ಹೀಗೆ. ಎಲ್ಲದರ ಪವರ್ ಆಫ್ ಇರಲಿ. ನಾಲ್ಕು ಮೈಕ್ ಸಣ್ಣ ಮಿಕ್ಸರಿಗೆ ಚುಚ್ಚಿ. ಅದರ ಮೇನ್ ಔಟ್‌ಪುಟ್ಟಿನಲ್ಲಿ ಎಡ, ಬಲ ಅಂತ ಎರಡು ಇರುತ್ತವೆ. ಎಡದ್ದೊಂದನ್ನೇ ತೆಗೆದುಕೊಳ್ಳಿ. ಎರಡನ್ನೂ ಸೇರಿಸಿ ಕಟ್ಟಬೇಡಿ, ಅದೂ ಟೀ ಹಾಕಿದ ಹಾಗೇ ಆಗುತ್ತದೆ. ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಪ್ಯಾನ್ ನಾಬುಗಳೆಲ್ಲ ನಡುವೆಯೇ ಇರಲಿ. ಯಾರದ್ದಾದರೂ ಪ್ಯಾನ್ ಪೂರ್ತಿ ಬಲಕ್ಕೆ ತಿರುಗಿದ್ದರೆ ಅವರ ದನಿ ಎಡದ ಔಟ್‌ಪುಟ್ಟಿನಲ್ಲಿ ಬರುವುದೇ ಇಲ್ಲ, ಮೈಕ್ ಹಾಳಾಗಿದೆ ಅಂತ ಸುಮ್ನೆ ಹುಡುಕುತ್ತಾ ಕೂರುತ್ತೀರಿ. ಅಂಗಡಿಯವರು ಪಿ-38 ಎಂದು ಕರೆಯುವ ದಪ್ಪ ಪಿನ್ ಒಂದು ತುದಿಗೆ, ಆಕ್ಸ್‌ಗೆ ಬೇಕಾದ ಪಿನ್ ಇನ್ನೊಂದು ತುದಿಗೆ ಇರುವ ಕೇಬಲ್ ಸಾಕು. ಇಂಥ ಅನ್‌ಬ್ಯಾಲೆನ್ಸ್ಡ್ ಕೇಬಲ್ (ದನಿಗೆ ಒಂದು ತಂತಿ, ಇನ್ನೊಂದು ಗ್ರೌಂಡ್ ಇರುವಂಥದ್ದು) ಎರಡು ಮೂರು ಮೀಟರ್ ಒಳಗೇ ಇರಲಿ. ಅಂದರೆ ಸಣ್ಣ ಮಿಕ್ಸರನ್ನು ಆಂಪ್ಲಿಫೈಯರಿನ ಪಕ್ಕದಲ್ಲೇ ಇಡಿ, ಉದ್ದ ಕೇಬಲ್ ಮೈಕ್ ಕಡೆಗೆ ಹೋಗಲಿ.

ಲೈನ್ ಇನ್‌ಪುಟ್ಟೂ ಇಲ್ಲ, ಆಕ್ಸೂ ಇಲ್ಲ, ಇರುವುದು ಮೈಕ್ ಇನ್‌ಪುಟ್ ಮಾತ್ರ ಎನ್ನುವಾಗ ನಡುವೆ ಡಿಐ ಬಾಕ್ಸ್ ಇಡಬೇಕು. ಅದು ಲೈನ್ ಲೆವೆಲ್ಲನ್ನು ಮೈಕ್ ಲೆವೆಲ್ಲಿಗೆ ಇಳಿಸುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಆದರೆ ಇನ್ನೊಂದು ಲಾಭ ಇದೆ: ದೊಡ್ಡ ಮಿಕ್ಸರಿನ ಫ್ಯಾಂಟಮ್ ಪವರ್ ಹಿಂದಕ್ಕೆ ಸಣ್ಣ ಮಿಕ್ಸರಿನ ಔಟ್‌ಪುಟ್ಟಿಗೆ ಹೋಗದಂತೆ ತಡೆಯುತ್ತದೆ. ಡಿಐ ಇಲ್ಲದೆ ಮೈಕ್ ಇನ್‌ಪುಟ್ಟಿಗೆ ನೇರ ಚುಚ್ಚಲೇಬೇಕಾಗಿ ಬಂದರೆ ಆ ಚಾನೆಲ್ಲಿನ ಫ್ಯಾಂಟಮ್ ಮೊದಲು ಆಫ್ ಮಾಡಿ. ಕೆಲವು ಮಿಕ್ಸರಿನಲ್ಲಿ ಎಲ್ಲ ಚಾನೆಲ್ಲಿಗೂ ಸೇರಿ ಒಂದೇ ಫ್ಯಾಂಟಮ್ ಸ್ವಿಚ್ ಇರುತ್ತದೆ, ಅದನ್ನು ನೋಡಿಕೊಳ್ಳಿ.

ಮಿಕ್ಸರ್ ಸಿಗದಿದ್ದಾಗ

ವಯರ್‌ಲೆಸ್ ಸೆಟ್ ಇದ್ದರೆ ಅದರ ಹಿಂಭಾಗ ನೋಡಿ. ಎರಡು ಮೈಕಿಗೆ ಒಂದೇ ರಿಸೀವರ್ ಇರುವ ಹಲವು ಸೆಟ್‌ಗಳಲ್ಲಿ ಎರಡು ಪ್ರತ್ಯೇಕ ಔಟ್‌ಪುಟ್ ಜೊತೆಗೆ, ಎರಡನ್ನೂ ಒಳಗೇ ಸೇರಿಸಿ ಕೊಡುವ ಮೂರನೇ ಔಟ್‌ಪುಟ್ ಇರುತ್ತದೆ. ಮುಂಭಾಗದಲ್ಲಿ ಒಂದೊಂದು ಮೈಕಿಗೂ ವಾಲ್ಯೂಮ್ ನಾಬ್ ಇರುತ್ತದೆ. ಅದೂ ಒಂದು ಪುಟ್ಟ ಮಿಕ್ಸರೇ. ಎರಡು ಮೈಕ್ ಒಂದು ಇನ್‌ಪುಟ್ಟಿಗೆ ಹೋಗಲು ಅಷ್ಟು ಸಾಕು.

ವಯರಿನ ಮೈಕ್ ಎರಡೇ ಇವೆ, ಏನೂ ಸಿಗಲಿಲ್ಲ, ಬೆಸುಗೆ ಹಾಕುವ ಕೈ ಇದೆ ಎಂದರೆ ರೆಸಿಸ್ಟರ್ ಹಾಕಿ ಸೇರಿಸಬಹುದು. ಮೂರು ಪಿನ್ನಿನ ಪ್ಲಗ್ ಇರುವ ಪ್ರತಿ ಮೈಕಿನ ಎರಡನೇ ಪಿನ್ ಮತ್ತು ಮೂರನೇ ಪಿನ್ನಿನ ತಂತಿಗೆ 1 ಕಿಲೋ ಓಮಿನ ಒಂದೊಂದು ರೆಸಿಸ್ಟರ್ ಹಾಕಿ, ಆಮೇಲೆ ಒಟ್ಟು ಸೇರಿಸಿ. ಒಂದನೇ ಪಿನ್ ಗ್ರೌಂಡ್, ಅದನ್ನು ನೇರ ಸೇರಿಸಿ. ಇದರಿಂದ ಒಂದರ ಸ್ವಿಚ್ ಇನ್ನೊಂದನ್ನು ಕೊಲ್ಲುವುದಿಲ್ಲ. ಆದರೆ ದನಿ 9-10 ಡಿಬಿ ಇಳಿಯುತ್ತದೆ, ಒಂದೊಂದಕ್ಕೆ ಬೇರೆ ವಾಲ್ಯೂಮ್ ಇರುವುದಿಲ್ಲ. ಡೈನಾಮಿಕ್ ಮೈಕಿಗೆ ಮಾತ್ರ ಇದು. ಒಂದು ಸಂಜೆ ನಿಭಾಯಿಸಲು ಸಾಕು, ವರ್ಷವಿಡೀ ಇದರ ಮೇಲೆ ನಿಲ್ಲಬೇಡಿ.

ಇದಕ್ಕಿಂತ ಒಳ್ಳೆಯ ಉಪಾಯ ಎಷ್ಟೋ ಸಲ ಒಂದೇ ಮೈಕನ್ನು ಇಬ್ಬರ ನಡುವೆ ಇಡುವುದು. ಒಂದೇ ಬದಿಯಲ್ಲಿ ಅಕ್ಕಪಕ್ಕ ಕೂತ ಇಬ್ಬರು ಒಟ್ಟಿಗೆ ಮಾತಾಡುವುದು ಅಪರೂಪ. ಮಾತಾಡುವವರ ಕಡೆಗೆ ಸ್ಟ್ಯಾಂಡ್ ತಿರುಗಿಸಿದರಾಯಿತು.

ಲೆವೆಲ್ ಹೊಂದಿಸುವುದು

ಆನ್ ಮಾಡುವಾಗ ಮೊದಲು ಸಣ್ಣ ಮಿಕ್ಸರ್, ಆಮೇಲೆ ದೊಡ್ಡ ಮಿಕ್ಸರ್ ಇದ್ದರೆ ಅದು, ಕೊನೆಗೆ ಆಂಪ್ಲಿಫೈಯರ್. ಆಫ್ ಮಾಡುವಾಗ ಇದರ ತಿರುಗುಮುರುಗು.

ಆಂಪ್ಲಿಫೈಯರಿನ ಆಕ್ಸ್ ವಾಲ್ಯೂಮ್ ಪೂರ್ತಿ ಕೆಳಗಿರಲಿ. ಮೊದಲ ಅರ್ಥಧಾರಿಯನ್ನು ಅವರ ಜಾಗದಲ್ಲೇ ಕೂರಿಸಿ ಮಾತಾಡಿಸಿ. "ಹಲೋ ಹಲೋ, ಒನ್ ಟೂ ತ್ರೀ" ಬೇಡ. ಅದರಿಂದ ಏನೂ ತಿಳಿಯುವುದಿಲ್ಲ. ಅವರ ಪಾತ್ರದ ಪೀಠಿಕೆಯ ನಾಲ್ಕು ಮಾತನ್ನು, ರಾತ್ರಿ ಹೇಗೆ ಹೇಳುತ್ತಾರೋ ಹಾಗೇ ಹೇಳಿಸಿ. ಏರುದನಿಯಲ್ಲಿ ಗದರುವ ಮಾತೊಂದು ಅದರಲ್ಲಿ ಇರಲಿ. ಗೇನ್ ನಾಬನ್ನು ನಿಧಾನ ಏರಿಸಿ. ಸಾಮಾನ್ಯ ಮಾತಿಗೆ ಮೀಟರ್ ಸೊನ್ನೆಯ ಹತ್ತಿರ ಆಡಬೇಕು, ಗದರಿದಾಗಲೂ ಕೆಂಪು ದೀಪ ಹತ್ತಬಾರದು. ನಾಲ್ವರಿಗೂ ಹೀಗೇ ಮಾಡಿ. ಮೆಲುದನಿಯವರಿಗೆ ಗೇನ್ ಜಾಸ್ತಿ, ಗುಡುಗುವವರಿಗೆ ಕಡಿಮೆ. ಮೇನ್ ಫೇಡರನ್ನು (ಒಟ್ಟು ವಾಲ್ಯೂಮ್ ಏರಿಸಿ ಇಳಿಸುವ ಗುಂಡಿ) ಸೊನ್ನೆ ಗುರುತಿನಲ್ಲಿಟ್ಟು, ಆಮೇಲೆ ಆಕ್ಸ್ ವಾಲ್ಯೂಮನ್ನು ಬೇಕಾದಷ್ಟು ಏರಿಸಿ.

ಈ ಕ್ರಮ ಯಾಕೆ ಮುಖ್ಯ ಅಂದರೆ, ಸಣ್ಣ ಮಿಕ್ಸರಿನಲ್ಲೇ ದನಿ ಒಡೆದಿದ್ದರೆ ಮುಂದೆ ಎಷ್ಟು ಇಳಿಸಿದರೂ ಒಡಕು ಹೋಗುವುದಿಲ್ಲ. ಸಣ್ಣ ಮಿಕ್ಸರಿನಲ್ಲಿ ತೀರಾ ಕಡಿಮೆ ಇಟ್ಟು ಮುಂದೆ ಏರಿಸಿದರೆ ಹಿಸ್ಸ್ ಸದ್ದು ಬರುತ್ತದೆ.

ಲೋ ಕಟ್ ಸ್ವಿಚ್ ಇದ್ದರೆ ನಾಲ್ಕಕ್ಕೂ ಒತ್ತಿಬಿಡಿ. ಸಾಮಾನ್ಯವಾಗಿ ಅದು 80 ಅಥವಾ 100 ಹರ್ಟ್ಸಿನ ಕೆಳಗಿನದ್ದನ್ನು ತೆಗೆಯುತ್ತದೆ. ಹಲಗೆ ನೆಲದ ಮೇಲೆ ಕಾಲು ಬಡಿದ ಸದ್ದು, ಗಾಳಿ, ಮದ್ದಳೆಯ ಕೆಳದನಿ ಕಡಿಮೆಯಾಗುತ್ತದೆ. ಮಾತಿಗೆ ನಷ್ಟ ಏನೂ ಇಲ್ಲ.

ತಿರುಗುಮುರುಗು ಬೆಸುಗೆ ಇದೆಯಾ ನೋಡಿ

ನಾವು ಕೈಯಾರೆ ಬೆಸುಗೆ ಹಾಕಿದ ಕೇಬಲ್‌ಗಳಲ್ಲಿ ಎರಡನೇ ಪಿನ್ ಮೂರನೇ ಪಿನ್ ಅದಲುಬದಲಾಗಿರುವುದು ಬಹಳ ಸಾಮಾನ್ಯ. ಒಂಟಿ ಮೈಕಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಎರಡು ಮೈಕ್ ಸೇರಿದಾಗ ಒಂದು ನೂಕುವಾಗ ಇನ್ನೊಂದು ಎಳೆಯುತ್ತದೆ, ದನಿ ಕಳೆದುಹೋಗುತ್ತದೆ.

ಪತ್ತೆ ಮಾಡುವುದು ಸುಲಭ. ಎರಡು ಮೈಕನ್ನು ತಲೆಗೆ ತಲೆ ತಾಗಿಸಿ ಒಂದೇ ಕೈಯಲ್ಲಿ ಹಿಡಿಯಿರಿ. ಒಂದನ್ನು ತೆರೆದು ಮಾತಾಡಿ. ಮಾತಾಡುತ್ತಲೇ ಎರಡನೆಯದನ್ನು ಏರಿಸಿ. ದನಿ ತುಂಬಿಕೊಂಡು ದೊಡ್ಡದಾದರೆ ಸರಿ ಇದೆ. ದನಿ ತೆಳ್ಳಗಾಗಿ, ಎದೆಯ ದನಿ ಹೋಗಿ ಮೂಗಿನದ್ದು ಮಾತ್ರ ಉಳಿದರೆ ಒಂದು ಕೇಬಲ್ ತಿರುಗುಮುರುಗು. ಒಂದನ್ನು ಮಾದರಿ ಇಟ್ಟುಕೊಂಡು ಉಳಿದ ಮೂರನ್ನೂ ಹೀಗೆ ನೋಡಿ. ಐದು ನಿಮಿಷದ ಕೆಲಸ. ಕೆಟ್ಟ ಕೇಬಲ್ಲಿಗೆ ಕೆಂಪು ಟೇಪ್ ಸುತ್ತಿ ಬದಿಗಿಡಿ, ಮನೆಗೆ ಹೋಗಿ ಸರಿ ಮಾಡಿ.

ಮೈಕ್ ಎಲ್ಲಿಡಬೇಕು

ಮಿಕ್ಸರಿನಲ್ಲಿ ಮಾಡುವ ಕೆಲಸಕ್ಕಿಂತ ಇದು ದೊಡ್ಡದು. ಮೈಕನ್ನು ಬಾಯಿಂದ 30 ಸೆಂಟಿಮೀಟರ್ ದೂರದಿಂದ 15 ಸೆಂಟಿಮೀಟರಿಗೆ ತಂದರೆ 6 ಡಿಬಿ ಪುಕ್ಕಟೆ ಸಿಗುತ್ತದೆ. ನಾಲ್ಕು ಮೈಕ್ ತೆರೆದಾಗ ಕಳೆದುಕೊಂಡದ್ದು ಅಷ್ಟೇ ಅಲ್ವಾ? ಅದು ಇಲ್ಲಿ ವಾಪಸ್ ಬಂತು. ಅರ್ಥಧಾರಿಗಳು ಚಕ್ಕಳಮಕ್ಕಳ ಹಾಕಿ ಕೂರುವುದರಿಂದ ಗಿಡ್ಡ ಸ್ಟ್ಯಾಂಡ್ ಬೇಕು. ಕೈ ಬೀಸಿ ಮಾತಾಡುವವರಿದ್ದರೆ ಮೈಕನ್ನು ಬಾಯಿಯ ನೇರಕ್ಕಿಂತ ಸ್ವಲ್ಪ ಕೆಳಗೆ, ಎದೆಯ ಎತ್ತರದಿಂದ ಮೇಲ್ಮುಖ ಮಾಡಿ ಇಡಿ. ಕೈಗೂ ತಾಗುವುದಿಲ್ಲ, ಮುಖವೂ ಮರೆಯಾಗುವುದಿಲ್ಲ.

ಎರಡು ಮೈಕ್ ನಡುವಿನ ದೂರ, ಬಾಯಿಗೂ ಮೈಕಿಗೂ ಇರುವ ದೂರದ ಮೂರು ಪಟ್ಟಾದರೂ ಇರಲಿ. ಬಾಯಿಂದ 15 ಸೆಂಟಿಮೀಟರ್ ಆದರೆ ಮೈಕಿಂದ ಮೈಕಿಗೆ 45. ಆಗ ಒಬ್ಬರ ದನಿ ಪಕ್ಕದವರ ಮೈಕಿಗೆ ಸುಮಾರು ಒಂಬತ್ತು ಡಿಬಿ ಕಡಿಮೆಯಾಗಿ ಸೇರುತ್ತದೆ, ತೊಂದರೆ ಕೊಡುವುದಿಲ್ಲ. ಹತ್ತಿರ ಇಟ್ಟರೆ ಒಂದೇ ದನಿ ಎರಡು ಮೈಕಿಗೆ ಸ್ವಲ್ಪ ಹಿಂದೆಮುಂದೆ ತಲುಪುತ್ತದೆ. 34 ಸೆಂಟಿಮೀಟರ್ ವ್ಯತ್ಯಾಸ ಎಂದರೆ 1 ಮಿಲಿಸೆಕೆಂಡ್ ತಡ. ಅಷ್ಟಕ್ಕೇ 500, 1500, 2500 ಹರ್ಟ್ಸ್ ಹತ್ತಿರ ದನಿಯಲ್ಲಿ ಗುಂಡಿ ಬೀಳುತ್ತದೆ. ಕೇಳಲು ದಪ್ಪ ಕೊಳವೆಯೊಳಗಿಂದ ಮಾತಾಡಿದ ಹಾಗಿರುತ್ತದೆ. ಇದನ್ನು ಬಾಸ್ ಟ್ರೆಬಲ್ ತಿರುಗಿಸಿ ಸರಿ ಮಾಡಲು ಆಗುವುದಿಲ್ಲ. ಭಾಷಣದ ಮೇಜಿನ ಮೇಲೆ ಚೆಂದಕ್ಕೆ ಅಂತ ಅಕ್ಕಪಕ್ಕ ಎರಡು ಮೈಕ್ ಇಡುತ್ತಾರಲ್ಲ, ಅಲ್ಲೂ ಒಂದನ್ನೇ ತೆರೆಯಿರಿ.

ಸ್ಪೀಕರ್‌ಗಳು ಅರ್ಥಧಾರಿಗಳಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರಲಿ. ಜಗಲಿ ಸಣ್ಣದು ಅಂತ ಹಿಂದಿನ ಗೋಡೆಗೆ ನೇತುಹಾಕಿದರೆ ನಾಲ್ಕು ಮೈಕೂ ಅದನ್ನೇ ಕೇಳಿಸಿಕೊಳ್ಳುತ್ತವೆ.

ಕೂಟ ನಡೆಯುವಾಗ

ಎಲ್ಲ ಮೈಕ್ ತೆರೆದಿಟ್ಟು ಹೊರಗೆ ಹೋಗಿ ಕಾಫಿ ಕುಡಿಯುವ ಕೆಲಸ ಇದಲ್ಲ. ತಾಳಮದ್ದಳೆಯಲ್ಲಿ ಒಂದು ಹೊತ್ತಿಗೆ ಮಾತಾಡುವವರು ಒಬ್ಬರು, ಸಂಭಾಷಣೆ ಬಿಸಿಯಾದರೆ ಇಬ್ಬರು. ಅವರ ಫೇಡರ್ ಮೇಲಿರಲಿ, ಉಳಿದವರದ್ದು ಸುಮಾರು 10 ಡಿಬಿ ಕೆಳಗಿರಲಿ. ಪೂರ್ತಿ ಮುಚ್ಚಬೇಡಿ. ಎದುರಿನವರು ನಡುವೆ ಬಾಯಿ ಹಾಕಿ "ನಿಲ್ಲು" ಎಂದರೆ ಆ ಒಂದು ಶಬ್ದದಲ್ಲೇ ಪ್ರಸಂಗ ತಿರುಗಿರುತ್ತದೆ. ಅದು ಕೇಳಿಸದಿದ್ದರೆ ಮುಂದಿನ ಹತ್ತು ನಿಮಿಷದ ಮಾತಿಗೆ ತಲೆಬುಡ ಇರುವುದಿಲ್ಲ. 10 ಡಿಬಿ ಕೆಳಗಿದ್ದರೆ ಆ ಶಬ್ದ ಸಣ್ಣದಾಗಿಯಾದರೂ ಹೋಗುತ್ತದೆ, ಅಷ್ಟರಲ್ಲಿ ನಿಮ್ಮ ಬೆರಳು ಫೇಡರ್ ಏರಿಸಿರುತ್ತದೆ.

ಈ ಕೆಲಸವನ್ನು ತಾನೇ ಮಾಡುವ ಯಂತ್ರವೂ ಇದೆ. ಅಮೆರಿಕದ ಡ್ಯಾನ್ ಡುಗನ್ ಎಂಬವರು 1970ರ ದಶಕದಲ್ಲಿ ಆಟೊಮ್ಯಾಟಿಕ್ ಮಿಕ್ಸರ್ ರೂಪಿಸಿದರು. ಒಟ್ಟು ಗೇನ್ ಒಂದು ಮೈಕಿನಷ್ಟೇ ಇರುವಂತೆ, ಯಾರು ಮಾತಾಡುತ್ತಾರೋ ಅವರಿಗೆ ಜಾಸ್ತಿ ಪಾಲು, ಸುಮ್ಮನಿದ್ದವರಿಗೆ ಕಡಿಮೆ ಪಾಲು ಹಂಚುವುದು ಅದರ ಲೆಕ್ಕ. ಈಗಿನ ಹಲವು ಡಿಜಿಟಲ್ ಮಿಕ್ಸರಿನಲ್ಲಿ ಈ ಸೌಲಭ್ಯ ಒಳಗೇ ಬರುತ್ತದೆ. ದೊಡ್ಡ ವೇದಿಕೆಯಲ್ಲಿ ವಿಚಾರಗೋಷ್ಠಿ ಮಾಡುವಾಗ ಬಾಡಿಗೆಗೆ ತರುವ ಮಿಕ್ಸರಿನಲ್ಲಿ ಇದು ಇದೆಯಾ ಕೇಳಿ ನೋಡಿ. ಆದರೆ ಪದ್ಯ ಮುಗಿಯುವ ಹೊತ್ತಿಗೆ ಯಾರು ಮಾತು ಎತ್ತುತ್ತಾರೆ ಅಂತ ಪ್ರಸಂಗ ತಿಳಿದವರ ಕೈಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಫೇಡರ್ ಹತ್ತಿರ ಕೂರುವವರು ಕಥೆ ಗೊತ್ತಿದ್ದವರಾಗಿರಲಿ. ಊರಲ್ಲಿ ಅಂಥ ಹುಡುಗರು, ಹುಡುಗಿಯರು ಇದ್ದೇ ಇರುತ್ತಾರೆ, ಅವರಿಗೆ ಈ ಕೆಲಸ ಕಲಿಸಿ.

ಕರೆಂಟಿನ ವಿಷಯ

ಸಣ್ಣ ಮಿಕ್ಸರ್ ಮತ್ತು ಆಂಪ್ಲಿಫೈಯರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಒಂದು ಒಳಮನೆಯಿಂದ, ಇನ್ನೊಂದು ಅಂಗಳದ ಕಂಬದಿಂದ ಎಂದಾದರೆ ಹಮ್ಮ್ ಎಂಬ ಸದ್ದು ಹಿಡಿಯುತ್ತದೆ. ಹಮ್ ಬಂತು ಅಂತ ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಹಸಿ ನೆಲ, ಬರಿಗಾಲು, ಕೈಯಲ್ಲಿ ಲೋಹದ ಮೈಕ್. ಅರ್ತ್ ಇಲ್ಲದ ಆಂಪ್ಲಿಫೈಯರಿನಲ್ಲಿ ಏನಾದರೂ ಸೋರಿಕೆ ಆದರೆ ಅದು ಮೈಕ್ ಹಿಡಿದವರ ಮೈಮೇಲೇ ಹೋಗುತ್ತದೆ. ಹಮ್ ಹೋಗಲು ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುತ್ತದೆ, ಅದನ್ನು ಬಳಸಿ. ಹಳೇ ಮನೆಗಳಲ್ಲಿ ಅರ್ತೇ ಸರಿ ಇರುವುದಿಲ್ಲ, ಕಾರ್ಯಕ್ರಮಕ್ಕೆ ಮೊದಲೇ ಎಲೆಕ್ಟ್ರಿಷಿಯನ್ ಕರೆದು ನೋಡಿಸಿ.

ಮುಗಿದ ಮೇಲೆ ಕೇಬಲ್‌ಗಳನ್ನು ಒಣ ಬಟ್ಟೆಯಿಂದ ಒರೆಸಿ ಸುರುಳಿ ಸುತ್ತಿ. ಜಗಲಿಯ ಥಂಡಿಯಲ್ಲಿ ಒಂದು ರಾತ್ರಿ ಬಿದ್ದ ಪಿನ್ನು ಮಳೆಗಾಲ ಮುಗಿಯುವ ಹೊತ್ತಿಗೆ ಹಸಿರು ಕಟ್ಟಿರುತ್ತದೆ. ಮೈಕ್‌ಗಳನ್ನು ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ, ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ನಾಲ್ಕು ಗೇನ್ ನಾಬುಗಳು ಎಲ್ಲೆಲ್ಲಿ ನಿಂತಿದ್ದವು ಅಂತ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಮುಂದಿನ ವಾರ ಅದೇ ಅರ್ಥಧಾರಿಗಳು ಪಕ್ಕದೂರಿಗೆ ಬಂದರೆ ಅಲ್ಲಿಂದಲೇ ಶುರು ಮಾಡಬಹುದು.